ತಾಂಡಾದ ಗುದ್ದಲಿ

2020ರ ಮೇ ತಿಂಗಳು. ಮುಂಬೈ, ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದವರು ರೈಲು ಹತ್ತಿ ಕಲಬುರಗಿಗೆ ಬಂದಿಳಿದರು. ದೇಶದ ಮೊದಲ ಕೋವಿಡ್ ಸಾವು ಕಂಡ ಜಿಲ್ಲೆ ಇದು. ಮಾರ್ಚಿನಿಂದಲೇ ಊರೂರಲ್ಲಿ ಅಂಜಿಕೆ. ಬಂದವರು ಸರ್ಕಾರಿ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮುಗಿಸಿ ಊರು ಸೇರಿದರು. ಚಿಂಚೋಳಿ, ಸೇಡಂ, ಚಿತ್ತಾಪುರದ ಲಂಬಾಣಿ ತಾಂಡಾಗಳಲ್ಲಿ ಹಬ್ಬಕ್ಕೋ ಮದುವೆಗೋ ಮಾತ್ರ ಕೀಲಿ ತೆಗೆಯುತ್ತಿದ್ದ ಮನೆಗಳು ಕಡುಬೇಸಿಗೆಯಲ್ಲಿ ಬಾಗಿಲು ತೆರೆದವು.

ಬಿಸಿಲೇರುವ ಮೊದಲೇ ಇಳಿಜಾರಿನಲ್ಲಿ ಜನ. ಮಾಸ್ಕ್ ಇಲ್ಲದವರಿಗೆ ಸೆರಗೇ ಮಾಸ್ಕ್, ಟವೆಲ್ಲೇ ಮಾಸ್ಕ್. ಕನ್ನಡಿ ಹೊಲಿದ ಕುಪ್ಪಸದ ಮುದುಕಿ ಬುಟ್ಟಿಗೆ ಮಣ್ಣು ತುಂಬುತ್ತಾಳೆ. ಪಕ್ಕದಲ್ಲಿ ಜೀನ್ಸ್ ತೊಟ್ಟ ಮೊಮ್ಮಗ, ಕೈಯಲ್ಲಿ ಗುದ್ದಲಿ. ಸುಣ್ಣದ ಪುಡಿಯ ಗೆರೆ ಹಿಡಿದು ಟ್ರೆಂಚ್ ತೋಡಬೇಕು. ಸುಣ್ಣಕ್ಕೇನು ಬರ! ವಾಡಿ, ಸೇಡಂ ಸೀಮೆಯ ಸುಣ್ಣಗಲ್ಲು ಸಿಮೆಂಟಾಗಿ, ಶಹಾಬಾದಿನ ಕಲ್ಲು ಪರಸಿಯಾಗಿ ಊರು ಬಿಟ್ಟು ಪಟ್ಟಣ ಕಟ್ಟಲು ಹೋಗುತ್ತವೆ. ಜನವೂ ಅದೇ ದಾರಿ ಹಿಡಿದಿತ್ತು. ಕಲ್ಲು ಮರಳಲಿಲ್ಲ, ಜನ ಮರಳಿತು.

ಲಾಕ್‌ಡೌನಿನ ನಡುವೆಯೇ ಏಪ್ರಿಲ್ 20ರಿಂದ ಉದ್ಯೋಗ ಖಾತ್ರಿ ಕೆಲಸಕ್ಕೆ ಅನುಮತಿ ಸಿಕ್ಕಿತ್ತು. ನೀರಾವರಿ, ಜಲಸಂರಕ್ಷಣೆಗೇ ಆದ್ಯತೆ. ಆಗಿನ ದಿನಗೂಲಿ 275 ರೂಪಾಯಿ. ಬದು, ಕೃಷಿಹೊಂಡ, ಕೆರೆ ಹೂಳು. ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ನೆನೆದ ಮೇಲೆ ನೀರನ್ನು ಒಳಗೆ ಬಿಟ್ಟುಕೊಳ್ಳದು. ಮುಂದಿನ ಮಳೆ ಮೇಲ್ಮಣ್ಣನ್ನೇ ಎಳೆದು ಮುಲ್ಲಾಮಾರಿ ಹೊಳೆಗೆ, ಅಲ್ಲಿಂದ ಕಾಗಿಣಾಕ್ಕೆ ಒಯ್ಯುತ್ತದೆ. ಬದು ಆ ಓಟ ತಡೆದರೆ ತೊಗರಿಯ ಬೇರಿಗೆ ಹಸಿ ಉಳಿಯುತ್ತದೆ. ಆ ಅಕ್ಟೋಬರದಲ್ಲಿ ಕಾಗಿಣಾ ಮಳಖೇಡದ ಸೇತುವೆ ಮುಳುಗಿಸಿ ಹರಿಯಿತು ಅನ್ನುವುದೂ ನಿಜ. ಅಂಥ ಹೊಳೆಯನ್ನು ಯಾವ ಬದುವೂ ಹಿಡಿಯದು. ಹೊಲದ ಮಣ್ಣನ್ನು ಹಿಡಿದೀತು.

ಮೇಲೆ ಕಾಡು. ಚಿಂಚೋಳಿ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಯಿತು, 134.88 ಚದರ ಕಿಲೋಮೀಟರ್, ದಕ್ಷಿಣ ಭಾರತದ ಮೊದಲ ಒಣಭೂಮಿ ಧಾಮವೆಂಬ ಹೆಸರು. ಚಂದ್ರಂಪಳ್ಳಿ ಜಲಾಶಯ, ಶ್ರೀಗಂಧ, ರಕ್ತಚಂದನ, ತೋಳ, ಕತ್ತೆಕಿರುಬ ಎಲ್ಲವೂ ಇದರೊಳಗೇ, ಕೆಲವು ತಾಂಡಾಗಳೂ ಇದರೊಳಗೇ. ಧಾಮ ಎಂದರೆ ಅಲ್ಲಿಯ ಜನರಿಗೆ ಎಬ್ಬಿಸಿಯಾರೆಂಬ ಭಯ. ಈ ಜನರನ್ನು ಹೊರಗಿಟ್ಟು ಕಾಡು ಕಾಯುವ ಲೆಕ್ಕ ನನಗಂತೂ ಒಪ್ಪಿಗೆಯಿಲ್ಲ. ಬೋರ್ಡು, ಬ್ಯಾನರು ಇಲ್ಲದೆ ಆ ಬೇಸಿಗೆಯಲ್ಲಿ ಕೂಡಿದ ಗುಂಪುಗಳಿಗಿಂತ ದೊಡ್ಡ ಪರಿಸರ ಸಂಘ ಈ ಸೀಮೆಯಲ್ಲಿ ಇನ್ನಾವುದಿದೆ?

ರೈಲು ಮತ್ತೆ ಓಡತೊಡಗಿದಂತೆ ಹರೆಯದವರು ಹೊರಟರು. ಉಳಿದವರು ಹೆಂಗಸರು, ಅವರ ಸಂಘಗಳು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ನೀರಿನ ದಾಖಲೆಯೂ ಇರಬೇಕು. ಮುಂದಿನ ಗ್ರಾಮಸಭೆಗೆ ಹೋದಾಗ ಆ ದಾಖಲೆ ತೋರಿಸಿ ಅನ್ನಿ. ಬುಟ್ಟಿ ಹೊತ್ತ ಹೆಂಗಸರಲ್ಲಿ ಎಷ್ಟು ಮಂದಿಯ ಹೆಸರು ಸಮಿತಿಯಲ್ಲಿದೆ ಎಂದೂ ಕೇಳಿ.