ಕುಂಬಳದ ಬಳ್ಳಿಗೆ ದ್ರಾಕ್ಷಿಯ ಔಷಧ ಬೇಡ

ಬಳ್ಳಿ ಚಪ್ಪರದ ತುಂಬ ಹಬ್ಬಿದೆ, ಹೂವಿಗೆ ಲೆಕ್ಕವಿಲ್ಲ, ಕಾಯಿ ಮಾತ್ರ ಒಂದೂ ನಿಂತಿಲ್ಲ. ವಿಜಯಪುರದ ಹಿತ್ತಲುಗಳಲ್ಲಿ ಕುಂಬಳ, ಸವತೆ, ಕರಬೂಜ ಹಾಕಿದವರು ಬೇಸಿಗೆಯಲ್ಲಿ ಕೇಳುವ ಪ್ರಶ್ನೆ ಇದೇ. ತಿಕೋಟಾ, ಬಬಲೇಶ್ವರದ ಕಡೆಯವರಿಗಾದರೆ ಒಂದು ಉಪಾಯ ಹೊಳೆಯುವುದು ಸಹಜ: ದ್ರಾಕ್ಷಿ ಪಡಕ್ಕೆ ತಂದ ಜಿಎ ಮಿಕ್ಕಿದೆಯಲ್ಲ, ಬಳ್ಳಿಗೂ ಒಂದಿಷ್ಟು ಹೊಡೆದರೆ?

ಹೊಡೆಯಲೇಬಾರದು. ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲ, ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಗೊನೆಯ ಹಣ್ಣನ್ನು ಉದ್ದವಾಗಿ, ದಪ್ಪವಾಗಿ ಬೆಳೆಸುತ್ತದೆ. ಸವತೆಯ ಬಳ್ಳಿಯಲ್ಲಿ ಅದು ಹೆಚ್ಚಿಸುವುದು ಗಂಡುಹೂವನ್ನು! ಬರೀ ಹೆಣ್ಣುಹೂ ಬಿಡುವ ಸವತೆ ತಳಿಗೆ ಇದನ್ನೇ ಸಿಂಪಡಿಸಿ ಗಂಡುಹೂ ಬರಿಸಬಹುದೆಂದು ಅಮೆರಿಕದ ವಿಜ್ಞಾನಿ ಪೀಟರ್ಸನ್ ಮತ್ತು ಅವರ ಸಹೋದ್ಯೋಗಿ 1960ರಲ್ಲೇ ತೋರಿಸಿದ್ದರು. ಬೀಜ ತಯಾರಿಸುವವರಿಗೆ ಅದೊಂದು ವರ. ಪಲ್ಯಕ್ಕೆ ಕಾಯಿ ಬೇಕಾದವರಿಗೆ ಅದರಿಂದ ನಷ್ಟವೇ.

ಬಿಸಿಲೂ ಅದೇ ಕೆಲಸ ಮಾಡುತ್ತದೆ. ಸಸ್ಯವಿಜ್ಞಾನಿಗಳಾದ ನಿಚ್, ವೆಂಟ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ ಕುಂಬಳದ ಜಾತಿಯ ಬಳ್ಳಿಗಳನ್ನು ಬೇರೆ ಬೇರೆ ತಾಪಮಾನದಲ್ಲಿ ಬೆಳೆಸಿ, ಫಲಿತಾಂಶವನ್ನು 1952ರಲ್ಲಿ ಪ್ರಕಟಿಸಿದರು. ಸೆಕೆ ಹೆಚ್ಚಿ ಹಗಲು ಉದ್ದವಾದಷ್ಟೂ ಗಂಡುಹೂಗಳ ಸರದಿಯೇ ಮುಂದುವರಿಯುತ್ತದೆ. ತಂಪಿದ್ದರೆ ಹೆಣ್ಣುಹೂ ಬೇಗ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಲ್ಲಿ ಜನವರಿಯ ಚಳಿ ಇರುವಾಗಲೇ ಬೀಜ ಊರುವುದು ಜಾಣತನ.

ಬುಡದಲ್ಲಿ ಪುಟ್ಟ ಹೀಚು ಹೊತ್ತದ್ದು ಹೆಣ್ಣುಹೂ, ತೆಳುವಾದ ಉದ್ದ ತೊಟ್ಟಿನದು ಗಂಡು. ಕುಂಬಳದ ಪರಾಗ ದಪ್ಪ, ಜಿಗುಟು. ಗಾಳಿಗೆ ಹಾರದು, ಜೇನೇ ಹೊತ್ತು ತರಬೇಕು. ಕರಬೂಜದ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇದ್ದರೂ ಜೇನು ತಪ್ಪಿದ್ದಲ್ಲ. ದ್ರಾಕ್ಷಿಗೆ ಜೇನಿನ ಗೊಡವೆಯಿಲ್ಲ. ಹಾಗೆಂದು ಹಿತ್ತಲಲ್ಲಿ ಹೂ ಅರಳಿದ ಹೊತ್ತಿಗೇ ಕೀಟನಾಶಕ ಹೊಡೆದು ಜೇನನ್ನು ಕಳೆದುಕೊಂಡರೆ ಕಾಯಿಯ ಆಸೆ ಬಿಟ್ಟಂತೆ.

ಜೇನು ಸುಳಿಯದ ಓಣಿಯಲ್ಲಿ ಕೈಯೇ ಜೇನಾಗಬೇಕು. ಹೊತ್ತು ಮೂಡುತ್ತಲೇ ಆಗಷ್ಟೇ ಅರಳಿದ ಕುಂಬಳದ ಗಂಡುಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣುಹೂವಿನ ಒಳಗಿನ ಗಂಟಿಗೆ ಸುತ್ತಲೂ ಸವರಬೇಕು. ಒಂದೊಂದು ಬೀಜಕ್ಕೂ ಒಂದೊಂದು ಪರಾಗಕಣ ಬೇಕು. ಒಂದೇ ಬದಿಗೆ ಬಿದ್ದರೆ ಕಾಯಿ ಸೊಟ್ಟಗಾಗುತ್ತದೆ. ಬಿಸಿಲೇರುವ ಮೊದಲೇ ಇದು ಮುಗಿಯಬೇಕು. ಹೀರೆ, ಸೋರೆ ಮಾತ್ರ ಸಂಜೆ ಅರಳುತ್ತವೆ, ಅವಕ್ಕೆ ಸಂಜೆಯೇ ಹೋಗಬೇಕು.

ಇಷ್ಟಾದರೂ ಹೀಚು ಉದುರಿದರೆ ಸೀಳಿ ನೋಡುವುದು ಒಳ್ಳೆಯದು. ಒಳಗೆ ಬಿಳಿ ಹುಳು ಹೊರಳಾಡುತ್ತಿದ್ದರೆ ಅದು ಹಣ್ಣುನೊಣದ ಕೆಲಸ. ಅಂಥದ್ದನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು, ಹೊಸ ಹೀಚಿಗೆ ಸಿಪ್ಪೆ ಗಟ್ಟಿಯಾಗುವವರೆಗೆ ಕಾಗದದ ಚೀಲ ಕಟ್ಟಬೇಕು.