ಪುರಸಿದ್ಧೇಶ್ವರ ಗುಡಿ ಹೊರಗೋಡೆಯಲ್ಲಿ ವಾಸ್ತುಶಿಲ್ಪಿಗೆ ಸಿಕ್ಕಿದ್ದೇನು?

ಹಾವೇರಿ: ಪುರಸಿದ್ಧೇಶ್ವರ ಗುಡಿಗೆ ಬಂದವರು ಕಾಯಿ ಒಡೆಸಿ, ಒಂದು ಸುತ್ತು ಹಾಕಿ ಹೋಗ್ತಾರೆ. ಹೊರಗೋಡೆಯನ್ನು ನಿಂತು ನೋಡುವವರು ಕಡಿಮೆ. ಆದರೆ ಬ್ರಿಟನ್ನಿನ ವಾಸ್ತುಶಿಲ್ಪಿಯೊಬ್ಬರಿಗೆ ಕನ್ನಡ ನಾಡಿನ ಇಂಥ ಗೋಡೆಗಳೇ ವಿನ್ಯಾಸದ ಪಾಠ ಹೇಳಿಕೊಟ್ಟಿವೆ.

ಅವರ ಹೆಸರು ಆಡಂ ಹಾರ್ಡಿ. ಕಾರ್ಡಿಫ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. 7ರಿಂದ 13ನೇ ಶತಮಾನದವರೆಗಿನ ಕರ್ನಾಟಕದ ದ್ರಾವಿಡ ಗುಡಿಗಳ ಕುರಿತ ಅವರ ಪುಸ್ತಕ 1995ರಲ್ಲಿ ಬಂತು. ಹಾವೇರಿಯ ಈ ಗುಡಿ, ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ಎರಡೂ ಅದರಲ್ಲಿವೆ.

ಹಾರ್ಡಿ ಕಂಡುಕೊಂಡ ವಿಷಯ ಸರಳ. ದೊಡ್ಡ ಗುಡಿ ಅಂದರೆ ಸಣ್ಣ ಸಣ್ಣ ಗುಡಿಗಳ ಜೋಡಣೆ. ಹೊರಗೋಡೆ ಹತ್ತಿರ ಹೋಗಿ ನೋಡಿ: ಎರಡು ಕಂಬದ ಮೇಲೆ ಪುಟ್ಟ ಶಿಖರ, ಅದರ ಪಕ್ಕ ಇನ್ನೊಂದು. ಚೌಕ ತಲೆಯದ್ದು ಕೂಟ. ಸವಾರಿ ಬಂಡಿಯ ಕಮಾನಿನಂತೆ ಉದ್ದಕ್ಕೆ ಬಾಗಿದ್ದು ಶಾಲೆ. ಇವನ್ನೇ ಮೇಲೆ ಮೇಲೆ ಪೇರಿಸಿದರೆ ಗೋಪುರ. ನೋಡೋಕೆ ಗೊಂದಲ ಅನಿಸೋ ಕೆತ್ತನೆ ಒಮ್ಮೆ ಹೀಗೆ ಬಿಡಿಸಿಕೊಂಡರೆ ಲೆಕ್ಕದಂತೆ ಅರ್ಥ ಆಗುತ್ತೆ. ಕಲ್ಲೂ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವಂಥದ್ದು. ಅದಕ್ಕೇ ಇಷ್ಟು ಸಣ್ಣ ಕೆಲಸ ಸಾಧ್ಯವಾಯಿತು.

ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಕೋಲಾರ ಜಿಲ್ಲೆಯ ವೆಂಕಟಾಪುರದಲ್ಲಿ ಹೊಯ್ಸಳ ಶೈಲಿಯಲ್ಲಿ ಹೊಸ ವೆಂಕಟೇಶ್ವರ ದೇವಾಲಯ ಕಟ್ಟುವ ಯೋಜನೆಗೆ ವಿನ್ಯಾಸ ಮಾಡಿದ್ದು ಇದೇ ಹಾರ್ಡಿ. ಚಾಲುಕ್ಯರ ಕಾಲದಲ್ಲಿ ಬೆಳೆದ ಈ ಜೋಡಣೆಯನ್ನೇ ಹೊಯ್ಸಳರ ಶಿಲ್ಪಿಗಳು ಮುಂದುವರಿಸಿದ್ದರು.

ನೋಡಲು ಸಂಜೆ ಹೊತ್ತು ಒಳ್ಳೆಯದು. ಚಾಲುಕ್ಯರ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮಾಡಿದೆ. ಇಳಿಬಿಸಿಲು ಮುಂಭಾಗಕ್ಕೇ ಬೀಳುತ್ತೆ. ಕಚೇರಿ ಕೆಲಸಕ್ಕೆ ಬ್ಯಾಡಗಿ, ರಾಣೇಬೆನ್ನೂರಿಂದ ಬಂದವರು ಬಸ್ ಹಿಡಿಯೋ ಮುಂಚೆ ಅರ್ಧ ತಾಸು ಕೊಟ್ಟರೆ ಸಾಕು, ಟಿಕೆಟ್ ದುಡ್ಡಿಗೆ ಮೋಸವಿಲ್ಲ.

ಆದರೆ ಇಂಥ ಗೋಡೆ ಉಳಿಯೋದಕ್ಕೆ ಸುತ್ತಲಿನವರೂ ಬೆಲೆ ಕೊಡ್ತಾರೆ. ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಹಳೆ ಮನೆ, ಅಂಗಡಿ ರಿಪೇರಿಗೂ ಅನುಮತಿ ಬೇಕು. ಅದರಾಚೆಗಿನ 200 ಮೀಟರ್‌ನಲ್ಲಿ ಕಟ್ಟಬಹುದು, ಅನುಮತಿ ಪಡೆದು. ನಗರಸಭೆ ಲೈಸೆನ್ಸ್ ಒಂದೇ ಇದ್ದರೆ ಸಾಲದು. ಅಡಿಪಾಯ ತೋಡುವ ಮುಂಚೆಯೇ ಅರ್ಜಿ ಹಾಕೋದು ಕ್ಷೇಮ.