ಪೇಪರ್ ಓದಿದರೆ ಸಾಲದೇ?

ಪದವಿ ಪ್ರವೇಶ ಶುರುವಾದರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮಗಳು ಲಿಬರಲ್ ಆರ್ಟ್ಸ್ ಕಾಲೇಜಿಗೆ ಸೇರಿ ರಾಜ್ಯಶಾಸ್ತ್ರ ಓದುತ್ತೇನೆಂದು ಹಟ ಹಿಡಿದಿರುತ್ತಾಳೆ. ತಂದೆ ನನ್ನ ಕಡೆ ತಿರುಗಿ ಹೇಳುತ್ತಾರೆ: “ಸರ್, ರಾಜಕೀಯ ತಿಳಿಯೋಕೆ ಕಾಲೇಜು ಯಾಕೆ? ದಿನಾ ಪೇಪರ್ ಓದಿ ಟಿವಿ ಚರ್ಚೆ ನೋಡಿದರೆ ಸಾಲದೇ?”

ಸಾಲದು. ಇಷ್ಟು ವರ್ಷ ಪಾಠ ಮಾಡಿದ ಮೇಲೂ ಈ ಮಾತು ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ.

2018ರ ನಮ್ಮ ವಿಧಾನಸಭಾ ಚುನಾವಣೆಯನ್ನೇ ನೋಡಿ. ಮೇ ತಿಂಗಳಲ್ಲಿ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 38ರಷ್ಟು ಮತ, ಸ್ಥಾನ 78. ಬಿಜೆಪಿಗೆ ಸುಮಾರು ಶೇ 36, ಸ್ಥಾನ 104. ಹೆಚ್ಚು ಮತ ಪಡೆದವರಿಗೆ ಕಡಿಮೆ ಸ್ಥಾನ ಹೇಗೆ? ಪೇಪರಿನಲ್ಲಿ ಅಂಕಿಗಳೆಲ್ಲ ಇದ್ದವು. ಓದಿದವರು ಮಾತ್ರ ಕಾರಣ ಹುಡುಕುವ ಗೋಜಿಗೇ ಹೋಗದೆ ಮತಯಂತ್ರವನ್ನು ದೂರಿದರು, ಇಲ್ಲವೇ ಜಾತಿಯ ಹೆಸರೆತ್ತಿ ಸುಮ್ಮನಾದರು.

ನಮ್ಮಲ್ಲಿ ಪ್ರತಿ ಕ್ಷೇತ್ರದಲ್ಲೂ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದವರು ಗೆದ್ದ ಹಾಗೆ. ಆದ್ದರಿಂದ ಒಟ್ಟು ಎಷ್ಟು ಮತ ಬಂತು ಎನ್ನುವಷ್ಟೇ, ಅದು ಎಲ್ಲೆಲ್ಲಿ ಬಂತು ಎನ್ನುವುದೂ ಮುಖ್ಯ. ತರಗತಿಯಲ್ಲಿ ಇದೇ ಮತಗಳನ್ನು ಪ್ರಮಾಣಕ್ಕೆ ತಕ್ಕಂತೆ ಹಂಚಿ ನೋಡಲು ಹೇಳುತ್ತೇನೆ. ಕಾಂಗ್ರೆಸ್ಸಿಗೆ ಸುಮಾರು 84, ಬಿಜೆಪಿಗೆ 80, ಜೆಡಿಎಸ್‌ಗೆ 40 ಬರುತ್ತವೆ. ಮತದಾರರು ಅವರೇ, ಮತಗಳೂ ಅವೇ. ನಿಯಮ ಬದಲಾದರೆ ವಿಧಾನಸಭೆಯೇ ಬದಲಾಗುತ್ತದೆ. ಇದನ್ನು ಸ್ವಂತ ಕೈಯಿಂದ ಲೆಕ್ಕ ಹಾಕಿ ಕಂಡುಕೊಂಡ ಹುಡುಗಿ ಮುಂದಿನ ಫಲಿತಾಂಶವನ್ನು ಮೊದಲಿನ ಕಣ್ಣಿನಿಂದ ನೋಡಲಾರಳು.

ಆ ಚುನಾವಣೆಯ ಮರುವಾರ ಬಿಜೆಪಿಯ ಯಡಿಯೂರಪ್ಪನವರು ಮೇ 17ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿ, 19ರಂದು ವಿಶ್ವಾಸಮತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು. ಟಿವಿಯಲ್ಲಿ ಕಂಡದ್ದು ಹೋಟೆಲು, ಬಸ್ಸು, ಗದ್ದಲ. ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ನೆನಪಾಗುವುದು 1989ರಲ್ಲಿ ವಜಾಗೊಂಡ ಬೊಮ್ಮಾಯಿಯವರ ಸರ್ಕಾರ, ಮತ್ತು ಬಹುಮತ ತೀರ್ಮಾನವಾಗಬೇಕಾದ ಜಾಗ ರಾಜಭವನವಲ್ಲ, ಸದನ ಎಂದು ಆ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು.

ಉಳಿದ ತಪ್ಪು ಕಲ್ಪನೆಗಳಿಗೆ ಒಂದೊಂದೇ ಮಾತು. ಲಿಬರಲ್ ಆರ್ಟ್ಸ್ ಎಂದರೆ ಚಿತ್ರಕಲೆ, ನಾಟಕವಲ್ಲ. ಯುರೋಪಿನ ಹಳೆಯ ಪಟ್ಟಿಯ ಏಳು ವಿದ್ಯೆಗಳಲ್ಲಿ ತರ್ಕ, ಅಂಕಗಣಿತ, ಜ್ಯಾಮಿತಿ, ಖಗೋಳ ಎಲ್ಲವೂ ಇದ್ದವು. ರಾಜ್ಯಶಾಸ್ತ್ರ ಬರೀ ಪಶ್ಚಿಮದ ವಿದ್ಯೆ ಎನ್ನುವವರು, ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಆರ್. ಶಾಮಾಶಾಸ್ತ್ರಿಗಳು ಅಚ್ಚು ಹಾಕಿಸಿದ್ದು ನಮ್ಮ ಮೈಸೂರಿನಿಂದಲೇ ಎಂಬುದನ್ನು ನೆನೆಯಲಿ. ಓದಿದವರು ಪುಢಾರಿಯೋ ಐಎಎಸ್ಸೋ ಆಗಬೇಕು ಎನ್ನುವವರಿಗೆ, ಅಂತರ್ಜಲವನ್ನು ಜನ ಹೇಗೆ ಹಂಚಿಕೊಳ್ಳುತ್ತಾರೆಂದು ಅಧ್ಯಯನ ಮಾಡಿದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದದ್ದು ಗೊತ್ತಿರಲಿ.

ನನ್ನನ್ನು ನಿಜಕ್ಕೂ ಕಾಡುವುದು ಬೇರೆ. ಔಷಧಿಯ ಚೀಟಿಯನ್ನು ಎರಡೆರಡು ಸಲ ಓದುವವರು, ಸೈಟು ಕೊಳ್ಳುವಾಗ ಮೂವತ್ತು ವರ್ಷದ ಇಸಿ ತೆಗೆಸುವವರು, ಆಳ್ವಿಕೆಯ ವಿಷಯ ಬಂದಾಗ ಮೊಬೈಲಿಗೆ ಬಂದದ್ದನ್ನೆಲ್ಲ ನಂಬಿಬಿಡುತ್ತಾರೆ. ನೋಟಾಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೆ ಮರುಚುನಾವಣೆ ಎಂಬ ಸಂದೇಶ ಪ್ರತಿ ಚುನಾವಣೆಯಲ್ಲೂ ಓಡಾಡುತ್ತದೆ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಅಂಥ ನಿಯಮವಿಲ್ಲ. ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಆ ನಂಬಿಕೆಯಲ್ಲಿ ಒತ್ತಿದ ಮತಕ್ಕೆ ಯಾರು ಹೊಣೆ?

ಆ ತಂದೆಗೆ ನಾನು ಹೇಳುವುದಿಷ್ಟೇ. ಮೂರು ವರ್ಷ ಓದಿದ ಮಗಳು ಅಂಥ ಸಂದೇಶ ಬಂದಾಗ ಮುಂದಕ್ಕೆ ಕಳಿಸುವುದಿಲ್ಲ. “ಇದು ಯಾವ ಕಾಯ್ದೆಯಲ್ಲಿದೆ, ತೋರಿಸಿ” ಎಂದು ನಿಮ್ಮನ್ನೇ ಕೇಳುತ್ತಾಳೆ. ಆಗ ಸಿಟ್ಟಾಗಬೇಡಿ, ಫೀಸು ಕಟ್ಟಿದ್ದು ಆ ಪ್ರಶ್ನೆಗೇ.